ಹೊಸ ಪೈಪು, ಹಳೇ ನೀರು

ಮುಳಬಾಗಿಲಿನ ಹತ್ತಿರ ಟೊಮೆಟೊ ಬೆಳೆಯುವ ನಮ್ಮ ದೊಡ್ಡಪ್ಪ ರಾತ್ರಿ ಒಂದು ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟು ಮಲಗುತ್ತಿದ್ದರು. ಹಾಗೆ ಬಿಟ್ಟರೆ ನೋವು ಸ್ವಲ್ಪ ಕಡಿಮೆ ಆಗ್ತಿತ್ತು. ವಾಯು ಅಂದುಕೊಂಡು ನಾವೂ ಸುಮ್ನಿದ್ದೆವು. ಅದು ವಾಯು ಅಲ್ಲ, ಕಾಲಿನ ರಕ್ತನಾಳ ಕಟ್ಟಿಕೊಂಡಿತ್ತು. ಕಾಲು ಇಳಿಬಿಟ್ಟಾಗ ಒಂದಿಷ್ಟು ರಕ್ತ ತನ್ನ ಭಾರಕ್ಕೇ ಪಾದಕ್ಕೆ ಇಳಿಯುತ್ತದೆ, ಅಷ್ಟೇ. ಕೊನೆಗೆ ಬೆರಳು ಕಪ್ಪಾದ ಮೇಲೆ ಬೈಪಾಸ್ ಆಯಿತು.

ಬೈಪಾಸ್ ಅಂದರೆ ಹೃದಯಕ್ಕೆ ಮಾತ್ರ ಅಂದುಕೊಂಡವರೇ ಜಾಸ್ತಿ. ರೋಗಿಯ ಸ್ವಂತ ಸಿರೆಯಿಂದಲೇ, ಅಂದರೆ ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳದಿಂದಲೇ, ಕಾಲಿಗೆ ಬೈಪಾಸ್ ಮಾಡುವ ದಾರಿಯನ್ನು 1948ರಲ್ಲಿ ಪ್ಯಾರಿಸ್‌ನಲ್ಲಿ ಸರ್ಜನ್ ಜಾನ್ ಕುನ್ಲಿನ್ ತೋರಿಸಿಕೊಟ್ಟರು. ತೊಡೆಯ ಒಳಬದಿಯ ಉದ್ದನೆಯ ಸಿರೆಯನ್ನು ತೆಗೆದು, ಕಟ್ಟಿದ ಜಾಗವನ್ನು ದಾಟಿಸಿ ಹೊಲಿಯುತ್ತಾರೆ. ಆ ಸಿರೆಯೊಳಗೆ ಪುಟ್ಟ ಪುಟ್ಟ ವಾಲ್ವ್‌ಗಳಿವೆ. ಬೋರ್‌ವೆಲ್ ಪೈಪಿನ ವಾಲ್ವ್ ಥರವೇ, ಮೇಲಕ್ಕೆ ಬಿಡುತ್ತವೆ, ಕೆಳಕ್ಕೆ ಬಿಡೋದಿಲ್ಲ. ಬೈಪಾಸ್‌ನಲ್ಲಿ ರಕ್ತ ಪಾದದ ಕಡೆ ಇಳಿಯಬೇಕು, ಅದಕ್ಕೇ ಸಿರೆಯನ್ನು ತಲೆಕೆಳಗಾಗಿ ತಿರುಗಿಸಿ ಹೊಲಿಯುತ್ತಾರೆ, ಇಲ್ಲವೇ ಒಳಗಿನ ವಾಲ್ವ್‌ಗಳನ್ನು ಕತ್ತರಿಸುತ್ತಾರೆ. ಮಂಡಿಯ ಕೆಳಗಿನ ಬೈಪಾಸ್‌ಗೆ ಸ್ವಂತ ಸಿರೆ ಕೃತಕ ಕೊಳವೆಗಿಂತ ಚೆನ್ನಾಗಿ ಬಾಳುತ್ತದೆ.

ಎಷ್ಟು ದಿನ ಬಾಳುತ್ತದೆ? ನಿಜವಾದ ಪ್ರಶ್ನೆ ಇದು. ಮೊದಲ ತಿಂಗಳೊಳಗೆ ಮುಚ್ಚಿಹೋದರೆ ಸಾಮಾನ್ಯವಾಗಿ ಹೊಲಿಗೆಯಲ್ಲೋ ಸಿರೆಯಲ್ಲೋ ದೋಷ ಇರುತ್ತದೆ. ಆಮೇಲೆ ಸುಮಾರು ಎರಡು ವರ್ಷದವರೆಗೆ ಬೇರೆಯದೇ ಅಪಾಯ: ಹೊಲಿದ ಸಿರೆಯ ಒಳಪದರ ದಪ್ಪಗಾಗುತ್ತಾ ದಾರಿ ಕಿರಿದಾಗುತ್ತದೆ. ಅದೂ ದಾಟಿದರೆ, ಮೊದಲು ನಾಳ ಕಟ್ಟಿಸಿದ ಕಾಯಿಲೆಯೇ ಮತ್ತೆ ಮುಂದುವರಿಯುತ್ತದೆ.

ನಮ್ಮ ಕೋಲಾರದ ಕಡೆ ಹೊಲಕ್ಕೆ ಡ್ರಿಪ್ ಹಾಕಿಸಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ಪೈಪು ಹೊಸದು, ನೀರು ಅದೇ ಗಡಸು ನೀರು. ಉಪ್ಪು ಕಟ್ಟದೆ ಇರುತ್ತಾ? ರಕ್ತದಲ್ಲಿ ಸಕ್ಕರೆ, ಕೊಬ್ಬು, ಬೀಡಿ ಹೊಗೆ ಹಾಗೇ ಇದ್ದರೆ ಸರ್ಜನ್ ಎಷ್ಟು ಚೆನ್ನಾಗಿ ಹೊಲಿದರೂ ಸಾಲದು. ಧೂಮಪಾನ ಮುಂದುವರಿಸಿದವರಲ್ಲಿ ಕಾಲಿನ ಬೈಪಾಸ್ ಕೆಡುವ ಸಾಧ್ಯತೆ ಸುಮಾರು 3 ಪಟ್ಟು ಜಾಸ್ತಿ. ನೋವು ಹೋಯಿತಲ್ಲ ಅಂತ ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕೊಬ್ಬು ಇಳಿಸುವ ಸ್ಟ್ಯಾಟಿನ್ ಮಾತ್ರೆಗಳನ್ನು ನಿಲ್ಲಿಸುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ದಾರಿ ಕಿರಿದಾಗುವಾಗ ಎಷ್ಟೋ ಸಲ ನೋವೇ ಇರುವುದಿಲ್ಲ. ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಮಾತ್ರ ಗೊತ್ತಾಗುತ್ತದೆ. ಆಗಲೇ ಸಿಕ್ಕರೆ ಬಲೂನ್ ಹಾಕಿ ಹಿಗ್ಗಿಸಬಹುದು. ಪೂರ್ತಿ ಮುಚ್ಚಿದ ಮೇಲೆ ಬಹಳ ಕಷ್ಟ.

ದೊಡ್ಡಪ್ಪನಿಗೆ ಒಂದು ಬೆರಳು ಹೋಯಿತು, ಕಾಲು ಉಳಿಯಿತು. ಬೀಡಿ ಬಿಟ್ಟಿದ್ದಾರೆ. ಮುಂದಿನ ಸ್ಕ್ಯಾನ್‌ ದಿನಕ್ಕೆ ಕ್ಯಾಲೆಂಡರಿನಲ್ಲಿ ದೊಡ್ಡಮ್ಮ ಕುಂಕುಮದ ಗುರುತು ಹಾಕಿದ್ದಾರೆ. ರಾತ್ರಿ ಈಗ ಎರಡೂ ಕಾಲು ಮಂಚದ ಮೇಲೇ ಇರುತ್ತವೆ.