ಪುನರ್ಮಿಲನದ ಲೈವ್ ಆಲ್ಬಂ: ವೇದಿಕೆಯದ್ದೆಷ್ಟು, ಸ್ಟುಡಿಯೋದ್ದೆಷ್ಟು?

ಪ್ರಶ್ನೆ: ಬೇರೆಯಾಗಿದ್ದ ಹಳೆಯ ಫೋಕ್-ರಾಕ್ (ಜನಪದ ಧಾಟಿಗೆ ರಾಕ್ ವಾದ್ಯ ಬೆರೆಸಿದ ಸಂಗೀತ) ತಂಡಗಳು ಎಷ್ಟೋ ವರ್ಷಗಳ ಮೇಲೆ ಒಂದಾಗಿ ಹಾಡಿ, ಆ ಕಾರ್ಯಕ್ರಮವನ್ನೇ ಲೈವ್ ಆಲ್ಬಂ ಎಂದು ಹೊರತರುತ್ತವೆ. ತಪ್ಪಿದ ಕಡೆಯಲ್ಲೆಲ್ಲ ಆಮೇಲೆ ಸ್ಟುಡಿಯೋದಲ್ಲಿ ಮತ್ತೆ ಹಾಡಿ ಸೇರಿಸುತ್ತಾರಂತೆ, ನಿಜವೇ? ಕೇಳಿಯೇ ಅದನ್ನು ಪತ್ತೆ ಮಾಡಬಹುದೇ?

ಉತ್ತರ: ಸೇರಿಸುವುದುಂಟು. ರಾಕ್ ಸಂಗೀತದಲ್ಲಿ ಇದು ದಶಕಗಳಿಂದ ನಡೆದುಬಂದ ರೂಢಿ, ಇದಕ್ಕೆ ಓವರ್‌ಡಬ್ ಎನ್ನುತ್ತಾರೆ. ಆದರೆ ಫೋಕ್-ರಾಕ್ ತಂಡ ವೇದಿಕೆಯ ಮೇಲೆ ಹಾಡಿದ್ದನ್ನು ಮನಸ್ಸಿಗೆ ಬಂದಷ್ಟು ತಿದ್ದಲು ಆಗುವುದಿಲ್ಲ. ಎಷ್ಟು ತಿದ್ದಬಹುದು ಎಂಬುದನ್ನು ಬಹುಮಟ್ಟಿಗೆ ಗೊತ್ತುಮಾಡುವುದು ಹಾಡುವವರ ಮುಂದಿರುವ ಮೈಕ್.

ಯಕ್ಷಗಾನದ ಧ್ವನಿಮುದ್ರಣ ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಭಾಗವತರ ಮೈಕ್‌ನಲ್ಲಿ ಭಾಗವತರಷ್ಟೇ ಇರುವುದಿಲ್ಲ, ಪಕ್ಕದ ಚೆಂಡೆಯೂ ಇರುತ್ತದೆ. ರಾಕ್ ವೇದಿಕೆಯಲ್ಲೂ ಹಾಗೆಯೇ. ಹಾಡುವವರ ಮೈಕ್ ಸಾಮಾನ್ಯವಾಗಿ ಎದುರಿನ ಸದ್ದನ್ನು ಹೆಚ್ಚು ಹಿಡಿದು ಬೆನ್ನ ಹಿಂದಿನದನ್ನು ಕಡಿಮೆ ಹಿಡಿಯುವ ಜಾತಿಯದು. ಅದರ ಎದುರಿಗೆ ಹಾಡುವವರ ಬಾಯಿ ಇದೆ, ಆ ಬಾಯಿಯ ಹಿಂದೆ ಮೂರು ನಾಲ್ಕು ಮೀಟರ್ ದೂರದಲ್ಲಿ ಡ್ರಮ್ ಸೆಟ್ ಇದೆ. ಅಂದರೆ ಆ ಮೈಕ್ ನೇರವಾಗಿ ಡ್ರಮ್ ಕಡೆಗೇ ಮುಖ ಮಾಡಿರುತ್ತದೆ. ಸಿಂಬಲ್‌ನ (ಡ್ರಮ್ ಸೆಟ್ಟಿನ ದೊಡ್ಡ ಕಂಚಿನ ತಾಳ) ಹೊಳಪು ಅದರೊಳಗೆ ಸೋರಿಯೇ ಸೋರುತ್ತದೆ.

ಈಗ ಕೊರಳನ್ನಷ್ಟೇ ಸ್ಟುಡಿಯೋದಲ್ಲಿ ಹೊಸದಾಗಿ ಹಾಡಿಸಿ ಹಳೆಯ ಟ್ರ್ಯಾಕನ್ನು (ಆ ಒಂದು ಮೈಕ್ ಹಿಡಿದ ಪ್ರತ್ಯೇಕ ಮುದ್ರಣವನ್ನು) ಮುಚ್ಚಿದರೆ ಎರಡು ತೊಂದರೆ ಎದುರಾಗುತ್ತವೆ. ಒಂದು, ಮುಚ್ಚಿದ ಮೈಕ್‌ನ ಜೊತೆಗೆ ಅದರೊಳಗೆ ಸೋರಿದ್ದ ಸಿಂಬಲ್ಲೂ ಹೋಗುತ್ತದೆ. ಆ ಸಾಲು ಬಂದಾಗ ಡ್ರಮ್‌ನ ಬಣ್ಣವೇ ಬದಲಾದಂತೆ ಕೇಳುತ್ತದೆ. ಎರಡು, ಹಳೆಯ ಕೊರಳು ಉಳಿದ ಮೈಕ್‌ಗಳಲ್ಲಿ ಹಾಗೇ ಇರುತ್ತದೆ: ಗಿಟಾರ್‌ನ ಮುಂದಿನ ಮೈಕ್, ಜೊತೆಗಾರರ ಮೈಕ್, ಜನರ ಸದ್ದು ಹಿಡಿಯಲು ಇಟ್ಟ ಮೈಕ್. ಹೊಸ ಕೊರಳು ಹಳೆಯದಕ್ಕಿಂತ 30 ಮಿಲಿಸೆಕೆಂಡಿನೊಳಗೆ ಹಿಂದೆ ಮುಂದೆ ಆದರೆ ಕಿವಿ ಎರಡನ್ನೂ ಒಂದೇ ಎಂದು ಒಪ್ಪಿಕೊಳ್ಳುತ್ತದೆ. ಅದನ್ನು ಚೆನ್ನಾಗಿ ಮೀರಿದರೆ ನೆರಳಿನಂತೆ ಇನ್ನೊಂದು ದನಿ ಹಿಂದೆ ಬರುತ್ತದೆ.

ಇಬ್ಬರು ಮೂವರು ಸೇರಿ ಹಾಡುವುದೇ ಫೋಕ್-ರಾಕ್‌ನ ಜೀವ. ಒಬ್ಬರ ಬಾಯಿ ತಮ್ಮ ಮೈಕ್‌ಗೆ 5 ಸೆಂಟಿಮೀಟರ್ ದೂರದಲ್ಲಿದ್ದು, ಪಕ್ಕದವರು ಒಂದು ಮೀಟರ್ ದೂರದಲ್ಲಿದ್ದರೆ, ಆ ಮೈಕ್‌ನಲ್ಲಿ ಪಕ್ಕದವರ ದನಿ ಲೆಕ್ಕದ ಪ್ರಕಾರ ಸುಮಾರು 26 ಡೆಸಿಬೆಲ್ ಕಡಿಮೆ. ಇದು ನಿಭಾಯಿಸಬಹುದಾದ ಸೋರಿಕೆ. ಒಬ್ಬರು ಭಾವಾವೇಶದಲ್ಲಿ ಮೈಕ್‌ನಿಂದ 20 ಸೆಂಟಿಮೀಟರ್ ದೂರಕ್ಕೆ ಸರಿದರೋ, ಅವರ ದನಿ 12 ಡೆಸಿಬೆಲ್ ಇಳಿಯುತ್ತದೆ, ಪಕ್ಕದವರದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಮಿಕ್ಸಿಂಗ್‌ನಲ್ಲಿ, ಅಂದರೆ ಎಲ್ಲ ಟ್ರ್ಯಾಕ್‌ಗಳನ್ನು ಹದವಾಗಿ ಬೆರೆಸುವಾಗ, ಹಿಂದೆ ಸರಿದವರ ದನಿಯನ್ನು ಎತ್ತಿದರೆ ಪಕ್ಕದವರದೂ ಏಳುತ್ತದೆ. ಆಗ ಒಬ್ಬರನ್ನು ಮಾತ್ರ ಬದಲಿಸುವುದು ಬಲು ಕಷ್ಟ; ಇಬ್ಬರನ್ನೂ ಬದಲಿಸಬೇಕು, ಇಲ್ಲವೇ ಇಬ್ಬರನ್ನೂ ಇದ್ದಂತೆ ಬಿಡಬೇಕು.

ವಾದ್ಯಗಳ ಕತೆ ಬೇರೆ. ಬಾಸ್ ಗಿಟಾರ್ ಮತ್ತು ಕೀಬೋರ್ಡ್ ಡಿ.ಐ. ಬಾಕ್ಸ್ (ವಾದ್ಯವನ್ನು ಮೈಕ್ ಇಲ್ಲದೆ ನೇರವಾಗಿ ಜೋಡಿಸುವ ಪೆಟ್ಟಿಗೆ) ಮೂಲಕ ತಂತಿಯಲ್ಲೇ ಬರುತ್ತವೆ, ಆ ಟ್ರ್ಯಾಕ್‌ಗಳಲ್ಲಿ ಸೋರಿಕೆಯೇ ಇಲ್ಲ. ತಿದ್ದುವುದು ಅಲ್ಲಿ ಅತಿ ಸುಲಭ, ಪತ್ತೆ ಹಚ್ಚುವುದು ಅತಿ ಕಷ್ಟ. ಅಕೌಸ್ಟಿಕ್ ಗಿಟಾರ್ ನಡುವೆ ನಿಲ್ಲುತ್ತದೆ. ಮೈಕ್ ಇಟ್ಟರೆ ಮರದ ಸದ್ದು ಸಿಗುತ್ತದೆ, ಜೊತೆಗೆ ಡ್ರಮ್ಮೂ ಬರುತ್ತದೆ. ಮಾನಿಟರ್ (ಕಲಾವಿದರಿಗೆ ತಮ್ಮದೇ ಸದ್ದು ಕೇಳಿಸಲು ವೇದಿಕೆಯ ಮೇಲಿಟ್ಟ ಸ್ಪೀಕರ್) ಜೋರಾದರೆ ಗಿಟಾರ್‌ನ ಪೆಟ್ಟಿಗೆ 100 ಹರ್ಟ್ಸ್ ಆಸುಪಾಸಿನಲ್ಲಿ ತಾನೇ ಗುಂಯ್‌ಗುಡಲು ಶುರುಮಾಡುತ್ತದೆ. ಆದ್ದರಿಂದ ತಂತಿಯ ಕುದುರೆಯಡಿ ಪೀಜೊ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಸಾಧನ) ಕೂರಿಸಿ, ಸದ್ದಿನ ರಂಧ್ರಕ್ಕೆ ರಬ್ಬರ್ ಮುಚ್ಚಳ ಹಾಕುತ್ತಾರೆ. ಪಿಕಪ್ ಸದ್ದು ಸೋರಿಕೆಯಿಲ್ಲದೆ ಬರುತ್ತದೆ, ಆದರೆ ಅದರಲ್ಲಿ ಮರದ ಗುಣ ಕಳೆದು ಪ್ಲಾಸ್ಟಿಕ್‌ನಂಥ ಗಡಸು ಉಳಿಯುತ್ತದೆ. ಲೈವ್ ಆಲ್ಬಂನ ಗಿಟಾರ್ ಸ್ವಲ್ಪ ಗಡುಸಾಗಿದ್ದರೆ ಅದನ್ನು ದೋಷವೆಂದು ನೋಡಬೇಡಿ, ವೇದಿಕೆಯ ಗುರುತು ಎಂದು ಕೇಳಿ. ಅಬ್ಬರದ ಹಾಡಿನಲ್ಲೂ ಸ್ಟುಡಿಯೋ ಮೈಕ್‌ನ ಮಖಮಲ್ಲಿನಂಥ ಗಿಟಾರ್ ಕೇಳಿಸಿದಾಗ ಅನುಮಾನ ಪಡಿ.

ಅಮೆರಿಕದ ಫೋಕ್-ರಾಕ್ ಗಾಯಕರಾದ ಪಾಲ್ ಸೈಮನ್ ಮತ್ತು ಆರ್ಟ್ ಗಾರ್ಫಂಕಲ್ ಜೋಡಿಯ ಸೆಂಟ್ರಲ್ ಪಾರ್ಕ್ ಕಾರ್ಯಕ್ರಮವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 1970ರಲ್ಲಿ ಬೇರೆಯಾದವರು 1981ರ ಸೆಪ್ಟೆಂಬರ್ 19ರಂದು ನ್ಯೂಯಾರ್ಕಿನಲ್ಲಿ ಸುಮಾರು ಐದು ಲಕ್ಷ ಜನರ ಮುಂದೆ ಹಾಡಿದರು. ಹಿಂದೆ 11 ವಾದ್ಯಗಾರರು, ಅವರಲ್ಲಿ ಸ್ಟೀವ್ ಗ್ಯಾಡ್ ಮತ್ತು ಗ್ರೇಡಿ ಟೇಟ್ ಇಬ್ಬರೂ ಡ್ರಮ್ಮಿಗೆ. ಗಾರ್ಫಂಕಲ್‌ಗೆ ಇಬ್ಬರ ದನಿ, ಒಂದು ಗಿಟಾರ್ ಸಾಕಿತ್ತು; ಸೈಮನ್‌ಗೆ ಪೂರ್ಣ ತಂಡ ಬೇಕಿತ್ತು. ಎರಡು ಡ್ರಮ್ ಸೆಟ್ಟುಗಳ ಮುಂದೆ ಎರಡು ಮೆಲು ಕೊರಳು ಎಂದರೆ ಧ್ವನಿಮುದ್ರಣ ಮಾಡುವವರಿಗೆ ಎಂಥ ಸವಾಲು ಎಂದು ಊಹಿಸಬಹುದು. ಈ ಜೋಡಿಯ ಸ್ಟುಡಿಯೋ ಸದ್ದನ್ನು ರೂಪಿಸಿದ ರಾಯ್ ಹ್ಯಾಲೀ, ಹಾಗೆಯೇ ಫಿಲ್ ರಮೋನ್, ಗಾಯಕರಿಬ್ಬರ ಜೊತೆ ಈ ಆಲ್ಬಂನ ನಿರ್ಮಾಪಕರು. 1982ರ ಫೆಬ್ರವರಿಯಲ್ಲಿ ಅದು ಎರಡು ಎಲ್.ಪಿ. (ಗ್ರಾಮಫೋನ್ ತಟ್ಟೆ) ಆಗಿ ಬಂತು.

ವೇದಿಕೆಯಲ್ಲಿ ಹಾಡಿದ್ದು 21, ಆಲ್ಬಂನಲ್ಲಿರುವುದು 19. ಕೊನೆಯಲ್ಲಿ ಎರಡನೆಯ ಸಲ ಹಾಡಿದ ಒಂದು ಹಾಡನ್ನು ಬಿಟ್ಟಿದ್ದಾರೆ. ಇನ್ನೊಂದು, ಬೀಟಲ್ಸ್ ತಂಡದ ಜಾನ್ ಲೆನನ್ ಸಾವನ್ನು ನೆನೆಯುವ ಸೈಮನ್ನರ ಆಗಿನ ಹೊಸ ಹಾಡು. ಅದರ ನಡುವೆ ಒಬ್ಬ ವ್ಯಕ್ತಿ ವೇದಿಕೆಗೆ ನುಗ್ಗಿದ್ದ. ಚಿತ್ರೀಕರಣದಲ್ಲಿ ಅದು ಉಳಿದಿದೆ, ತಟ್ಟೆಯಲ್ಲಿಲ್ಲ. ಒಂದೇ ಸಂಜೆಯ ಮುದ್ರಣದ ಕಷ್ಟ ಇದು: ಪ್ರವಾಸದಲ್ಲಿ ಹತ್ತು ರಾತ್ರಿ ಮುದ್ರಿಸಿದವರು ಒಳ್ಳೆಯ ರಾತ್ರಿಯನ್ನು ಆರಿಸಿಕೊಳ್ಳಬಹುದು, ಒಂದೇ ಸಂಜೆ ಹಾಡಿದವರಿಗೆ ತಿದ್ದು ಅಥವಾ ಬಿಡು, ಎರಡೇ ದಾರಿ. ಎಲ್.ಪಿ.ಯ ಅಳತೆಯೂ ಇದೆ. ಒಂದು ಮಗ್ಗುಲಿಗೆ ಸುಮಾರು 20 ನಿಮಿಷ ಮೀರಿದರೆ ಗೆರೆಗಳು ಒತ್ತೊತ್ತಾಗಿ ಸದ್ದು ಸಣ್ಣಗಾಗುತ್ತದೆ. ನಾಲ್ಕು ಮಗ್ಗುಲಿಗೆ ಈ ಆಲ್ಬಂ ಸುಮಾರು 75 ನಿಮಿಷ, ಲೆಕ್ಕ ಸರಿಹೋಗುತ್ತದೆ.

ಆ ಕಾಲದಲ್ಲಿ ಮುದ್ರಣಕ್ಕೆ ಬಳಸುತ್ತಿದ್ದ ಎರಡಿಂಚು ಅಗಲದ ಟೇಪಿಗೂ ಅದರದೇ ಮಿತಿ. 2,500 ಅಡಿಯ ಸುರುಳಿ ಸೆಕೆಂಡಿಗೆ 30 ಇಂಚು ಓಡಿದರೆ 16 ನಿಮಿಷ 40 ಸೆಕೆಂಡಿಗೆ ಮುಗಿಯುತ್ತದೆ. ಅದಕ್ಕೇ ಎರಡು ಯಂತ್ರ ಬೇಕು: ಒಂದು ಮುಗಿಯುವ ಮೊದಲೇ ಇನ್ನೊಂದನ್ನು ಓಡಿಸಬೇಕು. ಈಗ 32 ಟ್ರ್ಯಾಕ್‌ಗಳನ್ನು 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿದರೂ ಗಂಟೆಗೆ 17 ಗಿಗಾಬೈಟ್ ಸಾಕು, ಕಂಪ್ಯೂಟರಿನ ಡಿಸ್ಕ್ ತುಂಬುವ ಭಯವೇ ಇಲ್ಲ.

ಪತ್ತೆಯ ಕೆಲಸಕ್ಕೆ ಹೆಡ್‌ಫೋನ್ ಹಾಕಿಕೊಳ್ಳಿ. ಮೊದಲು ಹಾಡುಗಾರರನ್ನು ಮರೆತು ಸಿಂಬಲ್ಲನ್ನು ಮಾತ್ರ ಕೇಳಿ. ಕೊರಳು ಬಂದಾಗ ಅದು ಅರಳಿ, ಕೊರಳು ನಿಂತಾಗ ಮುದುಡಿದರೆ ಮಿಕ್ಸಿಂಗ್ ಮಾಡಿದವರು ಮೈಕನ್ನು ತೆರೆದು ಮುಚ್ಚುತ್ತಿದ್ದಾರೆ ಎಂದರ್ಥ: ಕೊರಳು ವೇದಿಕೆಯದ್ದೇ. ಕೊರಳು ಬಂದರೂ ಸಿಂಬಲ್ ಕದಲದಿದ್ದರೆ, ಹಾಡಿದವರ ಉಸಿರೂ ತುಟಿಯ ಸದ್ದೂ ತೀರಾ ಹತ್ತಿರವೆನಿಸಿದರೆ, ಸ್ಟುಡಿಯೋ ಇರಬಹುದು. ವಿಡಿಯೊ ಇದ್ದರೆ ಹಾಡುವವರು ಮೈಕ್‌ನಿಂದ ಮುಖ ತಿರುಗಿಸುವ ಕ್ಷಣ ಹುಡುಕಿ, ದನಿ ಇಳಿಯಬೇಕು.

ಪಲ್ಲವಿಯನ್ನು ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಅಂಟಿಸಿದ್ದಾರೆಯೇ ಎಂಬುದಕ್ಕೆ ಆಡಾಸಿಟಿಯಂಥ ಉಚಿತ ತಂತ್ರಾಂಶ ಸಾಕು. ಎರಡು ಪಲ್ಲವಿಗಳನ್ನು ಕತ್ತರಿಸಿ ಎರಡು ಟ್ರ್ಯಾಕಿನಲ್ಲಿಡಿ, ಅಲೆಗಳು ಒಂದರ ಮೇಲೊಂದು ಕೂರುವಂತೆ ಚೆನ್ನಾಗಿ ಹಿಗ್ಗಿಸಿ ಹೊಂದಿಸಿ, ಒಂದಕ್ಕೆ ಇನ್ವರ್ಟ್ ಕೊಟ್ಟು (ಅಲೆಯನ್ನು ತಲೆಕೆಳಗು ಮಾಡಿ) ಎರಡನ್ನೂ ಒಟ್ಟಿಗೆ ನುಡಿಸಿ. ಅಂಟಿಸಿದ್ದಾದರೆ ಸದ್ದು ಬಹುಪಾಲು ಕುಸಿಯುತ್ತದೆ. ಕೊರಳನ್ನಷ್ಟೇ ಅಂಟಿಸಿದ್ದರೆ ಕೊರಳು ಮಾತ್ರ ಮುಳುಗುತ್ತದೆ. ಒಬ್ಬ ಮನುಷ್ಯ ಎರಡು ಸಲ ಹಾಡಿದ್ದು ಎಂದೂ ಹೀಗೆ ರದ್ದಾಗುವುದಿಲ್ಲ.

ಚಪ್ಪಾಳೆಯನ್ನು ನಂಬಲೇಬೇಡಿ, ಅದನ್ನು ಎಲ್ಲಿಂದ ಬೇಕಾದರೂ ತಂದು ಹಾಕಬಹುದು. ಜನರ ಮೈಕ್ ವೇದಿಕೆಯಿಂದ 30 ಮೀಟರ್ ದೂರದಲ್ಲಿದ್ದರೆ ಸದ್ದು ಅಲ್ಲಿಗೆ ಸುಮಾರು 88 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. ಮಿಕ್ಸಿಂಗ್‌ನಲ್ಲಿ ಅದನ್ನು ಅಷ್ಟೇ ಮುಂದಕ್ಕೆ ಎಳೆಯದಿದ್ದರೆ ಪ್ರತಿ ಡ್ರಮ್ ಪೆಟ್ಟೂ ಎರಡಾಗಿ ಕೇಳುತ್ತದೆ. ಹಾಗಾಗಿ ಎಂಜಿನಿಯರ್‌ಗಳು ಜನರ ಸದ್ದನ್ನು ಜರುಗಿಸುವುದು ಮೋಸವಲ್ಲ, ಅವರ ದಿನನಿತ್ಯದ ಕೆಲಸ.

ಪುನರ್ಮಿಲನದ ಆಲ್ಬಂಗಳಲ್ಲಿ ಇನ್ನೊಂದು ಸಾಕ್ಷಿ ಶ್ರುತಿ. ವಯಸ್ಸಾದಂತೆ ಮೇಲಿನ ಸ್ವರಗಳು ಕೈಕೊಡುತ್ತವೆ, ಹಾಡನ್ನು ಅರ್ಧ ಅಥವಾ ಒಂದು ಸ್ವರ ಇಳಿಸಿ ಹಾಡುತ್ತಾರೆ. ಕಾಪೊ (ಶ್ರುತಿ ಏರಿಸಲು ಗಿಟಾರ್ ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಇದ್ದರೆ ಒಂದೆರಡು ಮನೆ ಕೆಳಗಿಟ್ಟರೆ ಆಯಿತು. ಮೂಲದಲ್ಲೇ ಕಾಪೊ ಇಲ್ಲದಿದ್ದರೆ ತಂತಿಯನ್ನೇ ಸಡಿಲಿಸಬೇಕು, ಆಗ 12ರ ತಂತಿ (ಈ ಸಂಖ್ಯೆ ತಂತಿಯ ದಪ್ಪದ್ದು) ಜೋಲಾಡಿ ಫ್ರೆಟ್‌ಗೆ, ಅಂದರೆ ಮನೆಗಳ ಲೋಹದ ಪಟ್ಟಿಗೆ, ತಾಗಿ ಜುಂಯ್ ಎನ್ನುತ್ತದೆ. ಅದನ್ನು ತಪ್ಪಿಸಲು 13ರ ದಪ್ಪ ತಂತಿ ಹಾಕಿಕೊಳ್ಳುತ್ತಾರೆ. ಹಳೆಯ ಸ್ಟುಡಿಯೋ ಹಾಡಿನ ಜೊತೆ ಶ್ರುತಿ ಹೋಲಿಸಿ ನೋಡಿ. ಇಳಿದ ಶ್ರುತಿ ಅಂದಿನ ಕೊರಳನ್ನು ಅಂದಿನಂತೆಯೇ ಒಪ್ಪಿಕೊಂಡಿದ್ದರ ಗುರುತು.

ಸೈಮನ್-ಗಾರ್ಫಂಕಲ್ ಜೋಡಿಯ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಇವರು ಫೋಕ್-ರಾಕ್ ಆಗಿದ್ದೇ ಓವರ್‌ಡಬ್‌ನಿಂದ. ಮೌನದ ಸದ್ದಿನ ಕುರಿತ ಅವರ ಹೆಸರಾಂತ ಹಾಡು ‘ದ ಸೌಂಡ್ ಆಫ್ ಸೈಲೆನ್ಸ್’ 1964ರಲ್ಲಿ ಬರೀ ಅಕೌಸ್ಟಿಕ್ ಗಿಟಾರಿನೊಂದಿಗೆ ಮುದ್ರಣವಾಗಿತ್ತು. 1965ರ ಜೂನ್‌ನಲ್ಲಿ ನಿರ್ಮಾಪಕ ಟಾಮ್ ವಿಲ್ಸನ್ ಇವರಿಗೆ ತಿಳಿಸದೆಯೇ ಅದರ ಮೇಲೆ ಎಲೆಕ್ಟ್ರಿಕ್ ಗಿಟಾರ್, ಬಾಸ್, ಡ್ರಮ್ ಸೇರಿಸಿದರು. 1966ರ ಜನವರಿಯಲ್ಲಿ ಅದು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಸೆಂಟ್ರಲ್ ಪಾರ್ಕಿನಲ್ಲಿ ಅದೇ ಹಾಡನ್ನು ಅವರು ಮತ್ತೆ ಗಿಟಾರ್ ಒಂದರ ಜೊತೆಗೇ ಹಾಡಿದ್ದಾರೆ. ಡ್ರಮ್ ಇಲ್ಲದ್ದರಿಂದ ಮೈಕ್‌ನೊಳಗೆ ಏನೇನಿದೆ ಎಂಬುದು ನಿಚ್ಚಳ. ಹತ್ತು ಸಾವಿರ ಜನರನ್ನು ಕಂಡೆ ಎಂಬ ಸಾಲು ಬಂದಾಗ ಹೆಡ್‌ಫೋನಿನಲ್ಲಿ ಕೇಳಿ: ಐದು ಲಕ್ಷ ಜನ ತಮ್ಮನ್ನೇ ಎಣಿಸಿದರೆಂಬಂತೆ ಕೂಗುತ್ತಾರೆ, ಆ ಕೂಗು ಮುಂದಿನ ಸಾಲಿನ ಕೊರಳಿನ ಅಡಿಯಲ್ಲೇ ಹರಿಯುತ್ತದೆ.