ಯಾವ ಸ್ಪಿಟ್‌ಫೈರ್ ಜೋರು? ಎಷ್ಟು ಎತ್ತರದಲ್ಲಿ ಅಂತ ಮೊದಲು ಹೇಳಿ

2011ರಲ್ಲಿ ‘ಕ್ಲಿಫ್ಸ್ ಆಫ್ ಡೋವರ್’ ಎಂಬ ಫ್ಲೈಟ್ ಸಿಮ್ಯುಲೇಟರ್, ಅಂದರೆ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ, ಬಂತು. 1940ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ನಡೆದ ಕಾಳಗವೇ ಅದರ ವಸ್ತು. ಬ್ರಿಟನ್ನಿನ ಯುದ್ಧವಿಮಾನ ಸ್ಪಿಟ್‌ಫೈರ್‌ನ ಮೊದಲ ಮಾದರಿಯಾದ ಮಾರ್ಕ್ 1 ಹಾರಿಸಲು ಕಾದಿದ್ದವರಿಗೆ ಬೇಸರವಾಯಿತು. ವಿಮಾನ ನಿಧಾನ ಅನ್ನಿಸಿತು. ಜಗಳ ಶುರುವಾಗಿದ್ದು ರೆಕ್ಕೆಯ ಮೇಲಲ್ಲ, ಪೆಟ್ರೋಲಿನ ಮೇಲೆ.

ಅವರ ಸಿಟ್ಟಿಗೆ ಕಾರಣವಿತ್ತು. ಆಟದ ವಿಮಾನ ಓಡುತ್ತಿದ್ದುದು ಹಳೆಯ 87 ಆಕ್ಟೇನ್ ಪೆಟ್ರೋಲಿನ ಲೆಕ್ಕದಲ್ಲಿ. 1940ರ ಮೊದಲ ತಿಂಗಳುಗಳಿಂದಲೇ ಬ್ರಿಟನ್ನಿನ ಫೈಟರ್ ಪಡೆ 87 ಆಕ್ಟೇನ್ ಬಿಟ್ಟು 100 ಆಕ್ಟೇನ್ ಪೆಟ್ರೋಲಿಗೆ ಬದಲಾಗತೊಡಗಿತ್ತು. ಎಂಜಿನ್ನಿಗೆ ಜಾಸ್ತಿ ಗಾಳಿ ತುಂಬಿದರೆ ಸಾಧಾರಣ ಪೆಟ್ರೋಲು ಹೊತ್ತಿಗೆ ಮುಂಚೆಯೇ ಸಿಡಿಯುತ್ತದೆ, ಎಂಜಿನ್ ‘ನಾಕ್’ ಹೊಡೆಯುತ್ತದೆ. 100 ಆಕ್ಟೇನ್ ತಡೆದುಕೊಳ್ಳುತ್ತದೆ. ಹಾಗಾಗಿ ಸ್ಪಿಟ್‌ಫೈರ್‌ನ ಅದೇ ಮರ್ಲಿನ್ ಎಂಜಿನ್ನಿನ ಬೂಸ್ಟನ್ನು, ಅಂದರೆ ಗಾಳಿ ತುಂಬುವ ಒತ್ತಡವನ್ನು, ಚದರ ಇಂಚಿಗೆ ಆರೂಕಾಲು ಪೌಂಡಿನಿಂದ 12 ಪೌಂಡಿಗೆ ಏರಿಸಲು ಆಯಿತು. ನೆಲಮಟ್ಟದಲ್ಲಿ ವೇಗ ಗಂಟೆಗೆ ಸುಮಾರು 25 ಮೈಲಿ ಹೆಚ್ಚಿತು. ಹೆಸರು ಅದೇ, ವಿಮಾನ ಅದೇ, ಓಟ ಬೇರೆ. ಆಮೇಲೆ ಆ ಸಿಮ್ಯುಲೇಟರಿಗೆ 100 ಆಕ್ಟೇನಿನ ಸ್ಪಿಟ್‌ಫೈರ್ ಬೇರೆಯಾಗಿಯೇ ಸೇರಿತು.

ಮಾರ್ಕ್ ನಂಬರ್ ಮಾತ್ರ ನೋಡಿ ಹೋಲಿಸಿದರೆ ಹೀಗೇ ಎಡವುತ್ತೇವೆ. ಸ್ಪಿಟ್‌ಫೈರ್ ಮೊದಲು ಹಾರಿದ್ದು 1936ರ ಮಾರ್ಚ್ 5ರಂದು. ಆಮೇಲೆ 20,000ಕ್ಕೂ ಹೆಚ್ಚು ತಯಾರಾದವು. ಮಾರ್ಕ್ ನಂಬರ್ 24ರವರೆಗೂ ಹೋಯಿತು. ಆದರೆ ಆ ನಂಬರುಗಳು ವಯಸ್ಸಿನ ಲೆಕ್ಕವಲ್ಲ. ಮಾರ್ಕ್ 9 ಯುದ್ಧಕ್ಕೆ ಇಳಿದ ಮೇಲೆ ಮಾರ್ಕ್ 8 ಬಂತು! ಬರ್ಮಾ ಕಡೆ ನಮ್ಮ ರಾಯಲ್ ಇಂಡಿಯನ್ ಏರ್ ಫೋರ್ಸಿನ 8ನೇ ಸ್ಕ್ವಾಡ್ರನ್ ಹಾರಿಸಿದ್ದು ಈ ಮಾರ್ಕ್ 8ನ್ನೇ.

ಮಾರ್ಕ್ 9 ಅವಸರದ ಕೂಸು. ಜರ್ಮನ್ನರ ಫೈಟರ್ ವಿಮಾನ ಫಾಕ್ಕೆ-ವುಲ್ಫ್ 190 ಬಂದ ಮೇಲೆ ಮಾರ್ಕ್ 5ರ ಪೈಲಟ್‌ಗಳು ತತ್ತರಿಸಿದ್ದರು. 1942ರ ಜೂನ್ 23ರಂದು ಆರ್ಮಿನ್ ಫಾಬರ್ ಎಂಬ ಜರ್ಮನ್ ಪೈಲಟ್ ದಾರಿ ತಪ್ಪಿ, ವೇಲ್ಸ್‌ನ ಪೆಂಬ್ರೆ ವಿಮಾನ ನೆಲೆಯಲ್ಲಿ ತನ್ನ 190ನ್ನು ಇಳಿಸಿಬಿಟ್ಟ. ಬ್ರಿಟಿಷರಿಗೆ ಒಂದು ಗೀರೂ ಇಲ್ಲದ 190 ಸಿಕ್ಕಿತು. ಅದನ್ನು ತಮ್ಮ ಸ್ಪಿಟ್‌ಫೈರ್‌ಗಳ ಪಕ್ಕದಲ್ಲಿ ಹಾರಿಸಿ ನೋಡಿದರು. ಇವತ್ತು ನಾವು ಸಿಮ್ಯುಲೇಟರಿನಲ್ಲಿ ಮಾಡುವುದೂ ಅದನ್ನೇ ಅಲ್ವಾ?

ಮಾರ್ಕ್ 5 ಯಾವ ಎತ್ತರದಲ್ಲೂ 190ರ ವೇಗಕ್ಕೆ ಸಾಟಿಯಾಗಲಿಲ್ಲ. ಸುತ್ತು ತಿರುಗುವುದರಲ್ಲಿ ಮಾತ್ರ ಮಾರ್ಕ್ 5ರದೇ ಮೇಲುಗೈ. ಮಾರ್ಕ್ 9ರ ಅಂಕಿಗಳು ನನಗೆ ಎಷ್ಟು ಸಲ ಓದಿದರೂ ಸಾಲದು. 2,000 ಅಡಿಯಲ್ಲಿ 190 ವೇಗದಲ್ಲಿ ಗಂಟೆಗೆ ಏಳೆಂಟು ಮೈಲಿ ಮುಂದೆ. 8,000 ಅಡಿಯಲ್ಲಿ ಸ್ಪಿಟ್‌ಫೈರ್ 8 ಮೈಲಿ ಮುಂದೆ. 18,000ದಲ್ಲಿ ಮತ್ತೆ 190 ಮೂರು ಮೈಲಿ ಮುಂದೆ. 25,000ದಲ್ಲಿ ಮತ್ತೆ ಸ್ಪಿಟ್‌ಫೈರ್. ಒಂದೇ ಜೋಡಿ, ಮೇಲೇರಿದಂತೆ ಗೆಲ್ಲುವವರೇ ಬದಲಾಗುತ್ತಾರೆ.

ಇದರ ಗುಟ್ಟು ಸೂಪರ್‌ಚಾರ್ಜರಿನಲ್ಲಿದೆ. ಸೌದೆ ಒಲೆಗೆ ಊದುಗೊಳವೆ ಹೇಗೋ, ಎಂಜಿನ್ನಿಗೆ ಇದು ಹಾಗೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಆಗ ಜೋರಾಗಿ ಊದಬೇಕು. ಮಾರ್ಕ್ 5ರಲ್ಲಿ ಊದುವ ಚಕ್ರ ಒಂದೇ, ಅದರ ಗೇರೂ ಒಂದೇ. ಮಾರ್ಕ್ 9ರ ಮರ್ಲಿನ್ 61ರಲ್ಲಿ ಒಂದರ ಹಿಂದೆ ಒಂದು ಎರಡು ಚಕ್ರ, ಎರಡು ಗೇರು. ಸೈಕಲ್ ಪಂಪ್ ಹೊಡೆದಾಗ ಬಿಸಿಯಾಗುವ ಹಾಗೆ ಒತ್ತಿದ ಗಾಳಿಯೂ ಕಾಯುತ್ತದೆ. ಅದಕ್ಕೇ ಎಂಜಿನ್ನಿಗೆ ಹೋಗುವ ಮುಂಚೆ ಅದನ್ನು ತಣಿಸುವ ಏರ್ಪಾಟೂ ಇತ್ತು. ಕೆಳಗಿನ ಗೇರು ಸುಸ್ತಾಗಿ ಮೇಲಿನ ಗೇರು ಹಿಡಿಯುವ ಎತ್ತರದ ಸುತ್ತಮುತ್ತ ಎಂಜಿನ್ ಸ್ವಲ್ಪ ಸೊರಗುತ್ತದೆ.

ಹೆಸರಿನ ಮುಂದಿನ ಎಲ್‌ಎಫ್, ಎಫ್, ಎಚ್‌ಎಫ್ ಅಕ್ಷರಗಳನ್ನು ತುಂಬಾ ಜನ ರೆಕ್ಕೆಯ ತುದಿ ಕತ್ತರಿಸಿದ್ದಕ್ಕೆ ಕೊಟ್ಟ ಹೆಸರು ಅಂದುಕೊಳ್ಳುತ್ತಾರೆ. ಅದು ತಪ್ಪು. ಅವು ಎಂಜಿನ್ ಯಾವ ಎತ್ತರಕ್ಕೆ ಹದವಾಗಿದೆ ಎಂದು ಹೇಳುತ್ತವೆ. ಡಿಸಿಎಸ್ ಎಂಬ ಇನ್ನೊಂದು ಸಿಮ್ಯುಲೇಟರಿನಲ್ಲಿ ಸಿಗುವುದು ಎಲ್‌ಎಫ್ ಮಾರ್ಕ್ 9. ಅದರ ಮರ್ಲಿನ್ 66 ಕೆಳ ಮತ್ತು ನಡು ಎತ್ತರಕ್ಕೆ ಹೊಂದಿಸಿದ ಎಂಜಿನ್. ಆನ್‌ಲೈನ್ ಕಾಳಗಗಳು ಹೆಚ್ಚಾಗಿ ಕೆಳಗೇ ನಡೆಯುವುದರಿಂದ ಅಲ್ಲಿ ಅದು ಮಿಂಚುತ್ತದೆ. ಅದನ್ನು 1942ರ ಮರ್ಲಿನ್ 61ರ ಅಂಕಿಗಳಿಗೆ ಹೋಲಿಸಿ ‘ವೇಗ ತಪ್ಪಾಗಿದೆ’ ಎಂದರೆ ಅದು ಅನ್ಯಾಯ. ಹಾಗಾಗಿ ವಾದಕ್ಕೆ ಕೂರುವ ಮುಂಚೆ ನಾನು ಕೇಳುವುದು ಮೂರೇ: ಎಂಜಿನ್ ಯಾವುದು, ಬೂಸ್ಟ್ ಎಷ್ಟು, ಎತ್ತರ ಎಷ್ಟು.

1944ರಲ್ಲಿ ಮಾರ್ಕ್ 14 ಬಂದಾಗ ಎಂಜಿನ್ನೇ ಬೇರೆ. ಹಳೆಯ ಮರ್ಲಿನ್ 27 ಲೀಟರ್, ಇದರ ಗ್ರಿಫನ್ ಸುಮಾರು 37 ಲೀಟರ್. ಪ್ರೊಪೆಲ್ಲರಿಗೆ ಐದು ಎಲೆ, ಅದೂ ತಿರುಗುವುದು ಉಲ್ಟಾ. ಮಾರ್ಕ್ 9 ಟೇಕಾಫ್‌ನಲ್ಲಿ ಎಡಕ್ಕೆ ಎಳೆದರೆ ಇದು ಬಲಕ್ಕೆ ಎಳೆಯುತ್ತದೆ. ಸಿಮ್ಯುಲೇಟರಿನಲ್ಲಿ ಮಾರ್ಕ್ 9ರಿಂದ ಮಾರ್ಕ್ 14ಕ್ಕೆ ಹೋದಾಗ, ಥ್ರಾಟಲ್ ಮುಟ್ಟುವ ಮುಂಚೆ ಎಡಗಾಲು ಪೆಡಲ್ ಮೇಲಿರಲಿ.