ವಿಡಿಯೊ ಕಾಲ್‌ನಲ್ಲಿ ಐಇಎಲ್‌ಟಿಎಸ್ ಸ್ಪೀಕಿಂಗ್: ಸ್ಕೋರ್ ಕಡಿಮೆ ಬರುತ್ತಾ?

ಪ್ರಶ್ನೆ: ವಿದೇಶಕ್ಕೆ ಹೋಗಲು ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆ ಬರೆಯುತ್ತಿದ್ದೇನೆ. ಅದರ ಸ್ಪೀಕಿಂಗ್ (ಮಾತಾಡುವ) ಟೆಸ್ಟ್ ವಿಡಿಯೊ ಕಾಲ್‌ನಲ್ಲಿ ಅಂತ ಮೆಸೇಜ್ ಬಂದಿದೆ. ಎದುರು ಕೂತು ಮಾತಾಡುವುದಕ್ಕಿಂತ ಸ್ಕೋರ್ ಕಡಿಮೆ ಬರುತ್ತಾ? ಮನೆಯಿಂದಲೇ ಕೊಡಬಹುದಾ?
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ವಿಡಿಯೊ ಕಾಲ್ ಅನ್ನೋ ಕಾರಣಕ್ಕೆ ಸ್ಕೋರ್ ಇಳಿಸುವುದಿಲ್ಲ. ಆದರೆ ಮಾಗಡಿ ರಸ್ತೆ ಟ್ರಾಫಿಕ್ ತಪ್ಪಿತು ಅಂತ ಖುಷಿಪಟ್ಟಿದ್ದರೆ, ಅದಾಗದು. ಇದು ಸೆಂಟರ್‌ಗೇ ಹೋಗಿ ಕೊಡುವ ಟೆಸ್ಟ್. ಅಲ್ಲಿನ ಒಂದು ರೂಮಿನಲ್ಲಿ ನಿಮ್ಮನ್ನು ಕೂರಿಸುತ್ತಾರೆ. ಎಗ್ಸಾಮಿನರ್ ಬೇರೆಲ್ಲೋ ಕೂತಿರುತ್ತಾರೆ, ಅಷ್ಟೇ.

ಟೆಸ್ಟ್ ಅದೇ 11ರಿಂದ 14 ನಿಮಿಷ, ಅದೇ ಮೂರು ಭಾಗ. ಎರಡನೇ ಭಾಗದ ವಿಷಯ ಸ್ಕ್ರೀನ್ ಮೇಲೆ ಬರುತ್ತದೆ. 1 ನಿಮಿಷ ಯೋಚಿಸಿ, ಆಮೇಲೆ 2 ನಿಮಿಷದವರೆಗೆ ಮಾತಾಡಬೇಕು. ತಡವರಿಸದೆ ಮಾತಾಡುವುದು, ಪದಗಳ ಬಳಕೆ, ವ್ಯಾಕರಣ, ಉಚ್ಚಾರಣೆ, ಈ ನಾಲ್ಕಕ್ಕೂ ಸಮಪಾಲು. ಕ್ಯಾಮೆರಾದಲ್ಲಿ ಹೇಗೆ ಕಾಣುತ್ತೀರಿ ಅನ್ನೋದಕ್ಕೆ ಅಂಕವೇ ಇಲ್ಲ.

ತೊಡಕು ಇರುವುದು ಮೌನದಲ್ಲಿ. ನೀವು ಉತ್ತರ ಮುಗಿಸುತ್ತೀರಿ. ಎಗ್ಸಾಮಿನರ್ ಮುಂದಿನ ಪ್ರಶ್ನೆಗೆ ತಲೆ ತಗ್ಗಿಸಿರುತ್ತಾರೆ. ಎದುರಿಗಿದ್ದರೆ ಅದು ಸಹಜ ಅನ್ನಿಸುತ್ತಿತ್ತು. ಸ್ಕ್ರೀನ್ ಮೇಲೆ ಅದೇ ಎರಡು ಸೆಕೆಂಡು ನೆಟ್ ಹೋಯಿತೇನೋ ಅನ್ನಿಸುತ್ತದೆ. ನಮ್ಮವರು ತಕ್ಷಣ 'ಹಲೋ, ಕೇಳಿಸ್ತಿದೆಯಾ?' ಅಂತ ಶುರು ಮಾಡುತ್ತಾರೆ, ಅಷ್ಟರಲ್ಲಿ ಅವರೂ ಮಾತು ತೆಗೆಯುತ್ತಾರೆ. ಇಬ್ಬರ ದನಿಯೂ ಡಿಕ್ಕಿ. ನಾವು ಕೇಳುತ್ತಾ ಕೇಳುತ್ತಾ 'ಹ್ಞೂಂ, ಹ್ಞೂಂ' ಅನ್ನುತ್ತೇವಲ್ಲ, ಅದೂ ಕಾಲ್‌ನಲ್ಲಿ ಅಡ್ಡ ಬರುತ್ತದೆ. ಪ್ರಶ್ನೆ ಪೂರ್ತಿ ಮುಗಿಯಲಿ, ಒಂದು ಉಸಿರು ಬಿಟ್ಟು ಬಾಯಿ ತೆರೆಯಿರಿ.

2 ನಿಮಿಷಕ್ಕೆ ಮಧ್ಯದಲ್ಲೇ ತಡೆದರೆ ಗಾಬರಿ ಬೇಡ. ಎದುರು ಕೂತಿದ್ದರೂ ತಡೆಯುತ್ತಿದ್ದರು. ಪ್ರಶ್ನೆ ಸರಿಯಾಗಿ ಕೇಳಿಸದಿದ್ದರೆ ಇನ್ನೊಮ್ಮೆ ಹೇಳಿ ಅಂತ ಕೇಳಿ, ಸುಮ್ನೆ ಊಹಿಸಿ ಉತ್ತರಿಸಬೇಡಿ. ದನಿ ಕಡಿದು ಬರುತ್ತಿದ್ದರೆ ಆಗಲೇ ಹೇಳಿಬಿಡಿ. ಟೆಸ್ಟ್ ಮುಗಿದ ಮೇಲೆ ಹೇಳುವುದಕ್ಕಿಂತ ಅದೇ ವಾಸಿ.

ಅಭ್ಯಾಸಕ್ಕೆ ಕನ್ನಡಿಗಿಂತ ಮೈಸೂರಿನಲ್ಲಿರುವ ಅಕ್ಕನೋ ಗೆಳೆಯನೋ ಒಳ್ಳೆಯದು. ವಿಡಿಯೊ ಕಾಲ್ ಮಾಡಿ, ಪ್ರಶ್ನೆ ಓದಿಸಿ. ಉತ್ತರಕ್ಕೆ ತಲೆಯಾಡಿಸದೆ, ನಗದೆ ಸುಮ್ಮನಿರಲು ಹೇಳಿ. ಮೊದಲ ಸಲ ಇಬ್ಬರಿಗೂ ನಗು ಬಂದೇ ಬರುತ್ತದೆ, ಬರಲಿ ಬಿಡಿ. ನಿಮ್ಮ ಮುಖ ಕಾಣುವ ಆ ಚಿಕ್ಕ ಚೌಕವನ್ನು ಮಾತ್ರ ಮುಚ್ಚಿಡಿ, ಕಣ್ಣು ಜಾಸ್ತಿ ಹೋಗುವುದೇ ಅಲ್ಲಿಗೆ.

ಹೋಗುವಾಗ ಪಾಸ್‌ಪೋರ್ಟ್ ತೆಗೆದುಕೊಳ್ಳಿ. ಆಧಾರ್ ನಡೆಯುವುದಿಲ್ಲ.